ಎರಡನೇ ದರ್ಜೆಯ ಬಾಲ

ಸಾನ್ ರುಫೀನೊ ಊರಿನಲ್ಲಿ ಲೆಯಾರ್ಕೊ ಮಲಗೋಲಿಯ ಕಿವಿಯನ್ನು ಎಲ್ಲರೂ ನಂಬುತ್ತಿದ್ದರು. ಬಾಯಿಯನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ.

ಕಿವಿಗೆ ಅಷ್ಟು ಮರ್ಯಾದೆ ಬರಲು ಕಾರಣವಿತ್ತು. ಮೂವತ್ತೆಂಟು ವರ್ಷ ಅವನು ಊರ ಹೊರಗಿನ ಚೀಸ್ ಉಗ್ರಾಣದಲ್ಲಿ ಗಾಲಿ ಬಡಿಯುವ ಕೆಲಸ ಮಾಡಿದ್ದ. ಎರಡು ವರ್ಷ ಮಾಗಿದ, ಗಾಲಿಯಂತೆ ದುಂಡಗಿನ ದಪ್ಪನೆಯ ಚೀಸನ್ನು ಹಲಗೆಯಿಂದ ಇಳಿಸಿ, ಪುಟ್ಟ ಸುತ್ತಿಗೆಯಿಂದ ಸುತ್ತಲೂ ಟಕ್ ಟಕ್ ಎಂದು ತಟ್ಟಿ, ತಲೆ ಓರೆ ಮಾಡಿ ಕೇಳುವುದು. ಒಳಗೆ ಗಟ್ಟಿಯಿದ್ದರೆ ಒಂದು ಸದ್ದು, ಬಿರುಕೋ ಪೊಳ್ಳೋ ಇದ್ದರೆ ಇನ್ನೊಂದು. ಗಟ್ಟಿಯಾದದ್ದಕ್ಕೆ ಕಾದ ಕಬ್ಬಿಣದ ಮುದ್ರೆ ಬೀಳುತ್ತಿತ್ತು. ಅಲ್ಲದ್ದಕ್ಕೆ ಅವನು ಜೇಬಿನಿಂದ ದಬ್ಬಣ ತೆಗೆದು ಮೈಮೇಲೆ ಅಡ್ಡಡ್ಡ ಮೂರು ಗೀರು ಎಳೆಯುತ್ತಿದ್ದ. ಎರಡನೇ ದರ್ಜೆ. ಗೀರು ಬಿದ್ದ ಮೇಲೆ ಸಾಕ್ಷಾತ್ ಪೋಪರೇ ಬಂದು ಹೇಳಿದರೂ ಅಳಿಸುವಂತಿಲ್ಲ. ಒಮ್ಮೆ ಉಗ್ರಾಣದ ಯಜಮಾನರ ಮಗಳ ಮದುವೆಗೆಂದು ಹೂವಿನ ಹಾರ ಹಾಕಿ ಇಟ್ಟಿದ್ದ ಗಾಲಿಯನ್ನು ಅವನು ಸುಮ್ಮನೆ ಹಾದುಹೋಗುತ್ತಾ ತಟ್ಟಿದ. ಬೀಗರ ಎದುರಿಗೇ ಮೂರು ಗೀರು ಬಿತ್ತು. ಆಮೇಲೆ ಕತ್ತರಿಸಿ ನೋಡಿದರೆ ಒಳಗೆ ಮುಷ್ಟಿ ಹಿಡಿಯುವಷ್ಟು ಪೊಳ್ಳು. ಯಜಮಾನರು ಅವನನ್ನು ಬೈಯಲೂ ಆಗದೆ ಹೊಗಳಲೂ ಆಗದೆ ಒಂದು ವಾರ ಮಾತು ಬಿಟ್ಟಿದ್ದರು.

ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ತರಕಾರಿ ಅಂಗಡಿಯ ಕಲ್ಲಂಗಡಿಗಳ ಮೇಲೆ ಗೀರು ಕಾಣಿಸಿಕೊಂಡ ದಿನ ಅವನ ಹೆಂಡತಿ ಅರ್ಜಿಯಾ ದಬ್ಬಣವನ್ನು ಕಿತ್ತುಕೊಂಡಳು, ಎಲ್ಲಿಟ್ಟಳೆಂದು ಇವತ್ತಿಗೂ ಹೇಳಿಲ್ಲ.

ಇನ್ನು ಬಾಯಿ. ಅವನು ಹಿಡಿದ ಮೀನು ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು, ಸೈನ್ಯದಲ್ಲಿ ಅಡುಗೆಮನೆಯಲ್ಲಿದ್ದವನು ಹೇಳುತ್ತಾ ಹೇಳುತ್ತಾ ಕರ್ನಲ್ಲರ ಬಲಗೈಯಾಗಿದ್ದ. ಜನ ಕೇಳುತ್ತಿದ್ದರು, ನಗುತ್ತಿದ್ದರು, ಮರೆಯುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವನು ಸುಳ್ಳು ಸೇರಿಸುತ್ತಿರಲಿಲ್ಲ. ಅದು ಅವನ ಅಪ್ಪ ಅಡೆಲ್ಮೊನ ವಿಷಯ. ಸೇರಿಸಲು ಅವನ ಬಳಿ ಏನೂ ಇರಲಿಲ್ಲ, ಅಷ್ಟೇ. ಒಂಬತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡಿದ್ದ. ಉಳಿದದ್ದು ಒಂದು ಚಪ್ಪಟೆ ಸುತ್ತಿಗೆ, ಮತ್ತು ಅಪ್ಪ ಭಾನುವಾರದ ಊಟಕ್ಕೆ ಕೂತಾಗ ಬೆರಳಿನ ಗೆಣ್ಣಿನಿಂದ ಪಾತ್ರೆಯ ಮುಚ್ಚಳ ತಟ್ಟಿ ಹೇಳುತ್ತಿದ್ದ ಒಂದು ಮಾತು: "ತಗಡು ಅಂದ್ರೆ ತಟ್ಟಿದ್ರೆ ಮಾತಾಡ್ಬೇಕು."

ಅಡೆಲ್ಮೊ ತಗಡು ಬಡಿಯುವವನಾಗಿದ್ದ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಊರಿನ ತವೆರ್ನಾರಿ ಅಣ್ಣತಮ್ಮಂದಿರು ತಮ್ಮ ಶೆಡ್ಡಿನಲ್ಲಿ ಎರಡು ಕೆಂಪು ರೇಸ್ ಕಾರು ಕಟ್ಟಿದ್ದರು. ಎಂಟು ಸಿಲಿಂಡರ್, ಉದ್ದ ಮೂತಿ, ಹಿಂದೆ ಚೂಪಾದ ಬಾಲ. ಒಂದು ಕಾರು ಯುದ್ಧದ ಕಾಲದಲ್ಲಿ ಕರಗಿ ಏನಾಯಿತೋ ಗೊತ್ತಿಲ್ಲ. ಇನ್ನೊಂದನ್ನು ಯಾರೋ ಪರದೇಶದವರು ಕೊಂಡುಹೋದರು. ಆ ಕಾರಿನ ಬಾಲ ಬಡಿದವನು ಅಡೆಲ್ಮೊ ಎಂದು ಲೆಯಾರ್ಕೊನ ತಾಯಿ ಹೇಳುತ್ತಿದ್ದಳು. ತಾಯಿಯ ಮಾತು ಬಿಟ್ಟು ಬೇರೆ ಸಾಕ್ಷಿ ಇರಲಿಲ್ಲ.

ಇಪ್ಪತ್ತಾರು ವರ್ಷದಿಂದ ಪ್ರತಿ ಸೆಪ್ಟೆಂಬರ್‌ನ ಎರಡನೇ ಭಾನುವಾರ ಊರಿನ ಬೀದಿಗಳಲ್ಲಿ ಹಳೆಯ ಗ್ರ್ಯಾಂಡ್ ಪ್ರಿ ಕಾರುಗಳ ರೇಸು ನಡೆಯುತ್ತದೆ. ಅಜ್ಜಂದಿರ ಕಾಲದಲ್ಲಿ ಓಡಿದ ಅದೇ ಬೀದಿಗಳು, ಅದೇ ತಿರುವುಗಳು, ಕಾರು ಗುದ್ದಿದರೆ ತಡೆಯಲೆಂದು ಅಂಚಿಗಿಟ್ಟ ಅದೇ ಹುಲ್ಲಿನ ಪಿಂಡಿಗಳು. ಲೆಯಾರ್ಕೊ ಮೊದಲ ವರ್ಷದಿಂದಲೂ ಬೇಕರಿಯ ಮೂಲೆಯಲ್ಲಿ, ಪಿಂಡಿಗಳ ಹಿಂದೆ ಮನೆಯ ಅಡುಗೆ ಕುರ್ಚಿ ಹಾಕಿಕೊಂಡು ಕೂತವನು. ನೀಲಿ ಕಾರು ಬಂತು, ಹಸಿರು ಬಂತು, ಬೆಳ್ಳಿ ಬಣ್ಣದ್ದು ಬಂತು, ಕೆಂಪು ಎಷ್ಟೋ ಬಂದವು. ತವೆರ್ನಾರಿ ಬರಲಿಲ್ಲ.

ಈ ಸಲ ಬರುತ್ತದೆಂಬ ಸುದ್ದಿ ಮೇ ತಿಂಗಳಲ್ಲಿ ಎವಾರಿಸ್ತೊನ ಕ್ಷೌರದಂಗಡಿಯಲ್ಲಿ ಒಡೆಯಿತು. ಇಂಗ್ಲೆಂಡಿನ ಒಬ್ಬ ಮುದುಕಿ ತಾನೇ ಓಡಿಸಿಕೊಂಡು ಬರುತ್ತಾಳಂತೆ. ಲೆಯಾರ್ಕೊ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ. ಆ ಸ್ಥಿತಿಯಲ್ಲಿ ಮನುಷ್ಯ ಮಾತಾಡಬಾರದು.

"ನಿಮ್ಮಪ್ಪ ಆ ಶೆಡ್ಡಿನಲ್ಲಿ ಕಸ ಗುಡಿಸ್ತಿದ್ದ ಅಂತ ನಮ್ಮಪ್ಪ ಹೇಳ್ತಿದ್ದ," ಎಂದ ಎವಾರಿಸ್ತೊ, ಕತ್ತಿ ಮಸೆಯುತ್ತಾ. "ಹತ್ತೊಂಬತ್ತು ವರ್ಷದ ಹುಡುಗನ ಕೈಗೆ ಯಾರಯ್ಯ ರೇಸ್ ಕಾರಿನ ಬಾಲ ಕೊಡ್ತಾರೆ?"

"ಗುಡಿಸ್ತಿದ್ದನಾ?" ಲೆಯಾರ್ಕೊ ಎದ್ದು ಕೂತ. ನೊರೆ ಕನ್ನಡಿಗೆ ಹಾರಿತು. "ಕಣ್ಣು ಕಟ್ಟಿ ನಿಲ್ಸು ನನ್ನ. ಒಂದೇ ಒಂದು ಸಲ ತಟ್ಟಿ ಹೇಳ್ತೀನಿ, ನಮ್ಮಪ್ಪನ ಕೆಲಸ ಹೌದೋ ಅಲ್ವೋ ಅಂತ."

ಆ ಕಾರನ್ನು ಅವನು ತಟ್ಟುವುದಿರಲಿ, ನೋಡಿಯೂ ಇರಲಿಲ್ಲ. ಆದರೆ ಮಾತು ಆಡಿಯಾಗಿತ್ತು, ಆಡಿದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಂಟೆಯೊಳಗೆ ಅದು ಬೇಕರಿ ತಲುಪಿತು, ಮಧ್ಯಾಹ್ನದ ಹೊತ್ತಿಗೆ ಮೇಯರ್ ಗ್ವಾಲಾಂದಿಯವರ ಮೇಜಿನ ಮೇಲಿತ್ತು. ಮೇಯರಿಗೆ ಮುಂದಿನ ವಸಂತದಲ್ಲಿ ಚುನಾವಣೆ. ವಾರ ಕಳೆಯುವುದರೊಳಗೆ ಗೋಡೆಗೋಡೆಯ ಮೇಲೂ ಪೋಸ್ಟರು: "ತಂದೆಯ ಕೈಕೆಲಸವನ್ನು ಮಗ ಕಿವಿಯಿಂದ ಗುರುತಿಸುವನು. ಶನಿವಾರ ಹನ್ನೊಂದಕ್ಕೆ, ದೊಡ್ಡ ಚೌಕದಲ್ಲಿ. ಬ್ಯಾಂಡ್ ಇರುತ್ತದೆ." ಕೆಳಗೆ ಸಣ್ಣ ಅಕ್ಷರದಲ್ಲಿ, ಲೆಯಾರ್ಕೊ ಮೂರು ಸಲ ಓದಿದ ಸಾಲು: ಗುರುತಿಸಿದ ಮೇಲೆ ಮಗನನ್ನು ಕಾರಿನ ಎರಡನೇ ಸೀಟಿನಲ್ಲಿ ಕೂರಿಸಿ ಗೌರವದ ಒಂದು ಸುತ್ತು ಹಾಕಿಸಲಾಗುವುದು.

ಆ ಕಾಲದ ಕಾರುಗಳಲ್ಲಿ ಓಡಿಸುವವನ ಪಕ್ಕ ಇನ್ನೊಂದು ಕಿರಿದಾದ ಸೀಟು ಇರುತ್ತದೆ. ಅದು ಯಾರಿಗಾಗಿ ಎಂದು ಲೆಯಾರ್ಕೊನಿಗೆ ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಇದಕ್ಕೆ ಒಪ್ಪಿಗೆ ಕೊಡಬೇಕಾದವರು ಹಳೇ ಕಾರುಗಳ ಕ್ಲಬ್ಬಿನ ಅಧ್ಯಕ್ಷ, ಕವಾಲಿಯೆರೆ ಎಂಬ ಸರ್ಕಾರಿ ಬಿರುದಿನ ಫ್ರಿನ್ಯಾನಿ. ಅವರ ಬಳಿ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ ಮತ್ತು ಪ್ರತಿ ಕಾರಿಗೂ ಒಂದು ಕಡತ ಇರುತ್ತಿತ್ತು. ತವೆರ್ನಾರಿಯನ್ನು ಇಂಗ್ಲೆಂಡಿಗೇ ಹೋಗಿ ಪರೀಕ್ಷಿಸಿ, ಅದರ ಒಂದೊಂದು ತಗಡೂ ಹುಟ್ಟಿದಾಗಿನದೇ ಎಂದು ನಲವತ್ತು ಪುಟ ಬರೆದಿದ್ದರು. ಕಿವಿ ಸಾಕ್ಷಿಯಲ್ಲ, ಕಾಗದ ಸಾಕ್ಷಿ ಎಂದು ಅವರು ಮೇಯರಿಗೆ ತಿಳಿಸಿದರು. ಆದರೂ ಪರೀಕ್ಷೆಯ ಫಲಿತಾಂಶ ಮೊದಲೇ ಗೊತ್ತಿರುವುದರಿಂದ ಪರೀಕ್ಷೆ ನಡೆಸಲು ತಮ್ಮ ಅಡ್ಡಿಯಿಲ್ಲ ಎಂದರು.

ಬೇಸಿಗೆಯೆಲ್ಲ ಲೆಯಾರ್ಕೊ ಅಭ್ಯಾಸ ಮಾಡಿದ. ನೀರಿನ ತೊಟ್ಟಿ, ಮಾಡಿನ ತಗಡು, ಪಕ್ಕದ ಮನೆಯವರ ಕಾರಿನ ಬಾಗಿಲು, ಯಾವುದನ್ನೂ ಬಿಡಲಿಲ್ಲ. ಜನ ತಾವೇ ಸಾಮಾನು ಹಿಡಿದು ಬರತೊಡಗಿದರು. ಒಬ್ಬ ಬಾಯ್ಲರ್ ತಟ್ಟಿಸಿಕೊಂಡುಹೋದ, ಇನ್ನೊಬ್ಬ ಚರ್ಚಿನ ಚಿಕ್ಕ ಗಂಟೆ ತಂದ. ಎದುರುಮನೆಯ ವಿಧವೆ ಅಳಿಯನನ್ನೇ ಎಳೆದುಕೊಂಡು ಬಂದು, "ಇವನ ತಲೆ ಸ್ವಲ್ಪ ತಟ್ಟಿ ನೋಡಪ್ಪ, ಮಗಳು ಗಟ್ಟಿ ಅಂತಾಳೆ, ನಂಗೆ ನಂಬಿಕೆ ಇಲ್ಲ," ಎಂದಳು. ಅಳಿಯ ತಲೆ ಬಗ್ಗಿಸಿ ನಿಂತದ್ದು ನೋಡಿದರೆ ಅವನಿಗೂ ತಿಳಿದುಕೊಳ್ಳುವ ಆಸೆಯಿದ್ದಂತಿತ್ತು.

ಬಟ್ಟೆಯ ವಿಷಯಕ್ಕೆ ಮನೆಯಲ್ಲಿ ಜಗಳವಾಯಿತು. ಅರ್ಜಿಯಾ ಮದುವೆಯ ಕೋಟನ್ನು ಸೊಂಟದಲ್ಲಿ ಬಿಚ್ಚಿ ಹೊಲಿದಿದ್ದಳು. ಚೀಸ್ ಉಗ್ರಾಣದವರು ತಮ್ಮ ಹೆಸರು ದಪ್ಪಕ್ಷರದಲ್ಲಿ ಹಾಕಿಸಿದ ಬಿಳಿ ಏಪ್ರನ್ ಕಳಿಸಿ, ಅದನ್ನು ಹಾಕದಿದ್ದರೆ ಬೇಸರವಾಗುತ್ತದೆಂದರು. ಕೊನೆಗೆ ಕೋಟಿನ ಮೇಲೆ ಏಪ್ರನ್ ಎಂದು ರಾಜಿಯಾಯಿತು. ಏಪ್ರನ್ನಿನ ಜೊತೆ ಉಗ್ರಾಣದವರು ಹೊಸ ಸುತ್ತಿಗೆಯನ್ನೂ, ಶೋಭೆಗೆಂದು ಜೇಬಿನಲ್ಲಿ ಒಂದು ದಬ್ಬಣವನ್ನೂ ಇಟ್ಟಿದ್ದರು. ಅರ್ಜಿಯಾ ಜೇಬು ನೋಡಲಿಲ್ಲ.

ಶುಕ್ರವಾರ ಸಂಜೆ ಮಿಸೆಸ್ ಹೆಸ್ಟರ್ ಪ್ರಿಂಗಲ್ ಬಂದಳು. ಎಪ್ಪತ್ತಾರರ ಕಡ್ಡಿಯಂಥ ಹೆಂಗಸು, ತಲೆಗೆ ಉಣ್ಣೆಯ ಟೋಪಿ. ಹಳೇ ಲಾರಿಯನ್ನು ತಾನೇ ನಡೆಸಿಕೊಂಡು ಬಂದು ರೈಲು ನಿಲ್ದಾಣದ ಗೂಡ್ಸ್ ಅಂಗಳದಲ್ಲಿ ನಿಲ್ಲಿಸಿದಳು. ನಮ್ಮ ಭಾಷೆಯನ್ನು ಅವಳು ನಲವತ್ತು ವರ್ಷ ರೇಸಿನ ಮೆಕ್ಯಾನಿಕ್ಕುಗಳಿಂದ ಕಲಿತಿದ್ದಳು. ಅದರಲ್ಲಿ ಮರ್ಯಾದೆಯ ಬಹುವಚನವೇ ಇರಲಿಲ್ಲ, ಬೈಗುಳ ಬೇಕಾದಷ್ಟಿತ್ತು. ಮೇಯರ್ ಸ್ವಾಗತ ಭಾಷಣದ ಎರಡನೇ ಪುಟ ತಿರುವುತ್ತಿದ್ದಾಗ ಅವಳು ಅವರ ತೋಳು ಹಿಡಿದು, "ಬೆಳಿಗ್ಗೆ ನಾಲ್ಕರಿಂದ ಲಾರೀಲಿ ಕೂತಿದೀನಿ ಮಗಾ. ಮೊದಲು ಬಚ್ಚಲು ಎಲ್ಲಿ ಹೇಳು," ಎಂದಳು.

ಲಾರಿಯಿಂದ ಕಾರು ಇಳಿಯಿತು. ಜನರೆಲ್ಲ ಮುಂದೆ ನುಗ್ಗಿದರು. ಲೆಯಾರ್ಕೊ ಹಿಂದೆಯೇ ನಿಂತ. ತಲೆಗಳ ನಡುವಿನ ಸಂದಿಯಲ್ಲಿ ಕೆಂಪು ಬಾಲದ ತುದಿ ಒಂದು ಗೇಣಿನಷ್ಟು ಕಂಡಿತು. ಅಷ್ಟು ನೋಡಿ ಮನೆಗೆ ಹೋದ. ಆ ರಾತ್ರಿ ತಟ್ಟೆಯಲ್ಲಿ ಕುಂಬಳಕಾಯಿ ತುಂಬಿದ ಆರು ತೊರ್ತೆಲ್ಲಿ ಕಡುಬು ಹಾಗೇ ಉಳಿದವು. ಮದುವೆಯಾದ ಮೇಲೆ ಇದು ಮೊದಲ ಸಲವಾದ್ದರಿಂದ ಅರ್ಜಿಯಾ ಡಾಕ್ಟರಿಗೆ ಫೋನು ಮಾಡಲೇ ಎಂದು ಕೇಳಿದಳು.

ಶನಿವಾರ ಹನ್ನೊಂದಕ್ಕೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಯರ್ ಎದೆಗೆ ಅಡ್ಡಲಾಗಿ ಅಧಿಕಾರದ ಪಟ್ಟಿ ತೊಟ್ಟಿದ್ದರು, ಕವಾಲಿಯೆರೆ ಕಡತ ಹಿಡಿದಿದ್ದರು. ಬ್ಯಾಂಡಿನ ಯಜಮಾನನಿಗೆ, ಲೆಯಾರ್ಕೊ ಕೆಲಸ ಮುಗಿಸಿ ಕೈ ಎತ್ತಿದ ಕೂಡಲೇ ವಿಜಯದ ಮೆರವಣಿಗೆಯ ಪದ ಶುರು ಮಾಡಬೇಕೆಂದು ಹೇಳಿಟ್ಟಿತ್ತು. ಮಿಸೆಸ್ ಪ್ರಿಂಗಲ್ ಲೆಯಾರ್ಕೊನನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು.

"ಸಣ್ಣ ಆಳು. ಒಳ್ಳೇದಾಯ್ತು. ಕೂತಾಗ ಒಂದು ಕೈ ಹೊರಗಿಟ್ಕೋ, ನಾನು ಗೇರ್ ಹಾಕುವಾಗ ನಿನ್ನ ಪಕ್ಕೆಲುಬು ಅಡ್ಡ ಬರಬಾರದು."

ಲೆಯಾರ್ಕೊ ಆ ಸೀಟನ್ನು ನೋಡಿದ. ಚರ್ಮ ಸವೆದು ನಡುವೆ ತಗ್ಗಾಗಿತ್ತು. ಆಮೇಲೆ ಬಾಲದ ಹತ್ತಿರ ಹೋಗಿ ಬಗ್ಗಿದ. ಚೌಕದಲ್ಲಿ ಪಾರಿವಾಳಗಳೂ ಸುಮ್ಮನಾದವು.

ಟಕ್.

ಅವನು ತಲೆ ಓರೆ ಮಾಡಿದ. ಇನ್ನೊಂದು ಕಡೆ ತಟ್ಟಿದ. ಮತ್ತೆ ಮೊದಲಿನ ಜಾಗಕ್ಕೆ ಬಂದ. ಎಡಗಡೆ ತುದಿಯಿಂದ ಎರಡು ಗೇಣು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಅವನ ಕಣ್ಣು ಅರ್ಧ ಮುಚ್ಚಿತ್ತು. ಆ ಹೊತ್ತಿನಲ್ಲಿ ಅವನಿಗೆ ಚೌಕವಿಲ್ಲ, ಮೇಯರಿಲ್ಲ, ಸೀಟಿಲ್ಲ. ಉಗ್ರಾಣದ ತಂಪು, ಹಲಗೆಯ ಮೇಲೆ ಒಂದು ಗಾಲಿ, ಅಷ್ಟೇ. ಎಡಗೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು.

ಕರ್. ಕರ್. ಕರ್.

ಮೂರು ಗೀರು, ಅಡ್ಡಡ್ಡ, ಒಂದರ ಕೆಳಗೊಂದು, ಅಚ್ಚುಕಟ್ಟಾಗಿ. ಗೀರಿ ಮುಗಿಸಿ ದಬ್ಬಣದ ಕೈಯನ್ನು ಅವನು ಮೇಲೆತ್ತಿದ. ಬ್ಯಾಂಡು ವಿಜಯದ ಪದ ಬಾರಿಸತೊಡಗಿತು.

ಹನ್ನೆರಡು ಜನ ಬಾರಿಸುವವರನ್ನು ನಿಲ್ಲಿಸುವುದು ಸುಲಭವಲ್ಲ. ಡೋಲಿನವನಂತೂ ಕಣ್ಣು ಮುಚ್ಚಿ ಬಾರಿಸುವವನು. ಅಷ್ಟು ಹೊತ್ತೂ ಮೇಯರ್ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು, ಏನೆಂದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಡೋಲೂ ನಿಂತಾಗ ಚೌಕಕ್ಕೆಲ್ಲ ಕೇಳಿಸಿದ್ದು ಅವರ ಮಾತಿನ ತುದಿ ಮಾತ್ರ: "...ಏನ್ ಮಾಡ್ಬಿಟ್ರಿ ಇದನ್ನ?"

ಲೆಯಾರ್ಕೊ ಆ ಗೀರುಗಳನ್ನು ಬೇರೆ ಯಾರೋ ಎಳೆದಂತೆ ನೋಡುತ್ತಿದ್ದ. "ಎರಡನೇ ದರ್ಜೆ," ಎಂದ ಮೆಲ್ಲಗೆ.

"ಇದು ಚೀಸ್ ಅಲ್ಲ ಸ್ವಾಮಿ," ಎಂದರು ಕವಾಲಿಯೆರೆ. ಅವರ ಧ್ವನಿ ತೆಳ್ಳಗಾಗಿತ್ತು.

"ಒಳಗೆ ಪುಟ್ಟಿ ಮೆತ್ತಿದಾರೆ. ಇಲ್ಲಿಂದ ಇಲ್ಲೀತನಕ. ಬೆರಳು ದಪ್ಪ ಇದೆ." ಲೆಯಾರ್ಕೊ ತೋರಿಸಿದ. ಆಮೇಲೆ, ಹೇಳಲೇಬೇಕಾದ್ದರಿಂದ ಹೇಳಿದ: "ಇದು ನಮ್ಮಪ್ಪಂದಲ್ಲ."

ಕವಾಲಿಯೆರೆ ಅಯಸ್ಕಾಂತ ತೆಗೆದು ಬಾಲಕ್ಕಿಟ್ಟರು. ಅಂಟಲಿಲ್ಲ. ನೋಡಿದಿರಾ ಎಂಬಂತೆ ಜನರ ಕಡೆ ತಿರುಗಿದರು. ಅಲ್ಯೂಮಿನಿಯಂ ತಗಡಿಗೆ ಅಯಸ್ಕಾಂತ ಅಂಟುವುದಿಲ್ಲ, ಪುಟ್ಟಿಗೂ ಅಂಟುವುದಿಲ್ಲ. ಹೀಗಾಗಿ ಅದು ಇಷ್ಟು ವರ್ಷ ಎಲ್ಲ ಪ್ರಶ್ನೆಗೂ ಅವರ ಪರವಾಗಿಯೇ ತೀರ್ಪು ಕೊಡುತ್ತಾ ಬಂದಿತ್ತು. ಆದರೆ ಗೀರಿನ ತಳದಲ್ಲಿ ಕೆಂಪು ಬಣ್ಣದ ಕೆಳಗೆ ಬಿಸ್ಕತ್ತಿನ ಬಣ್ಣದ ಪುಡಿ ಕಾಣುತ್ತಿತ್ತು. ಭೂತಗನ್ನಡಿ ಇಲ್ಲದೆಯೂ ಕಾಣುತ್ತಿತ್ತು.

ಮಿಸೆಸ್ ಪ್ರಿಂಗಲ್ ಬಗ್ಗಿ, ಬೆರಳು ಒದ್ದೆ ಮಾಡಿ ಆ ಪುಡಿ ಮುಟ್ಟಿ ನೋಡಿದಳು. ಹಿಂದೆ ಸರಿದು ಒಂದು ಹುಲ್ಲಿನ ಪಿಂಡಿಯ ಮೇಲೆ ಕೂತಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಅರ್ಜಿಯಾ ಕರವಸ್ತ್ರ ಹಿಡಿದು ಓಡಿದಳು. ಹತ್ತಿರ ಹೋದರೆ ಆ ಹೆಂಗಸು ನಗುತ್ತಿದ್ದಳು. ಕರವಸ್ತ್ರವನ್ನೂ ತಗೊಂಡಳು, ಅದೂ ಬೇಕಾಗಿತ್ತು.

ಅವಳು ಹೇಳಿದ್ದರ ಸಾರ ಇಷ್ಟು. ಮೂವತ್ತೊಂದು ವರ್ಷದ ಹಿಂದೆ ಅವಳ ಗಂಡ ನಾಲ್ಕು ದಿನ ಮೀನು ಹಿಡಿಯಲು ಹೋಗಿದ್ದ. ಕಾರನ್ನು ಮುಟ್ಟಬೇಡ ಎಂದು ಹೇಳಿ ಹೋಗಿದ್ದ. ಅವಳು ಮುಟ್ಟಿದಳು. ಹಿಂದಕ್ಕೆ ತೆಗೆಯುವಾಗ ಬಾಲ ಗೇಟಿನ ಕಲ್ಲುಕಂಬಕ್ಕೆ ಗುದ್ದಿ ಒಂದು ಕಡೆ ಮಡಚಿಹೋಯಿತು. ಅವರ ಹಳ್ಳಿಯ ಹಾಲಿನ ಕ್ಯಾನು ರಿಪೇರಿಯವನು ನಾಲ್ಕು ದಿನ ಕೂತು ಹೊಸ ಬಾಲ ಬಡಿದು, ತಗ್ಗುದಿಣ್ಣೆಗೆಲ್ಲ ಪುಟ್ಟಿ ಮೆತ್ತಿ, ಬಣ್ಣ ಹಚ್ಚಿಕೊಟ್ಟ. ಗಂಡ ಬಂದ, ಬಟ್ಟೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದ, ಬಾಲ ಸವರಿ ಹೀಗೆಂದನಂತೆ: ನೋಡು ಹೆಸ್ಟರ್, ಹಳೇ ಕಾಲದವರ ಕೆಲಸ ಅಂದ್ರೆ ಇದು.

"ಇಪ್ಪತ್ತು ವರ್ಷ ಬಂದವರಿಗೆಲ್ಲ ಆ ಬಾಲ ತೋರಿಸ್ತಿದ್ದ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. "ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ಹೇಳೋಷ್ಟರಲ್ಲಿ ಹೋಗ್ಬಿಟ್ಟ." ಆಮೇಲೆ ಲೆಯಾರ್ಕೊನ ಕಡೆ ತಿರುಗಿ, "ಎಷ್ಟು ಪಂಡಿತರು ಬಂದ್ರು, ಕನ್ನಡಿ ಹಿಡಿದು ನೋಡಿದ್ರು. ಒಬ್ಬನಿಗೂ ಗೊತ್ತಾಗ್ಲಿಲ್ಲ. ಎಲ್ಲಿದ್ದೆಯೋ ನೀನು ಇಷ್ಟು ವರ್ಷ?"

ಬೇಕರಿ ಮೂಲೆಯಲ್ಲಿ ಎಂದು ಲೆಯಾರ್ಕೊ ಹೇಳಬಹುದಿತ್ತು.

ಅವಳು ಸಿಟ್ಟಾಗಲಿಲ್ಲವೆಂದು ಮೇಯರಿಗೆ ಜೀವ ಬಂತು. ಆದರೆ ಕವಾಲಿಯೆರೆ ಪೆನ್ನು ತೆಗೆದಾಗಿತ್ತು. ಅವರ ನಲವತ್ತು ಪುಟ ಇಡೀ ಊರಿನ ಮುಂದೆ ಎರಡನೇ ದರ್ಜೆಯಾಗಿತ್ತು. ಹಾಗಾದಾಗ ಮನುಷ್ಯ ನಿಯಮವನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ಹುಟ್ಟಿದಾಗಿನಂತೆ ಇಲ್ಲದ ಕಾರು ಗೌರವದ ಸುತ್ತಿಗೂ ಇಲ್ಲ, ಭಾನುವಾರದ ರೇಸಿಗೂ ಇಲ್ಲ, ಜನವರಿಯಲ್ಲಿ ಸಮಿತಿ ಕೂತು ತೀರ್ಮಾನಿಸುವವರೆಗೆ ಕಾರು ನಿಂತಲ್ಲೇ ನಿಲ್ಲತಕ್ಕದ್ದು. ಮೇಯರ್ ಬೇಡಿಕೊಂಡರು, ಬ್ಯಾಂಡಿನವರೂ ಬೇಡಿಕೊಂಡರು. ಪೆನ್ನು ನಿಲ್ಲಲಿಲ್ಲ.

ಆ ಮಧ್ಯಾಹ್ನ ಲೆಯಾರ್ಕೊ ಬೀದಿಯಲ್ಲಿ ನಡೆದುಹೋದರೆ ಕಿಟಕಿಗಳು ಮುಚ್ಚುತ್ತಿದ್ದವು. ಊರಿನ ಕಾರು ಎಂಬತ್ತೈದು ವರ್ಷದ ಮೇಲೆ ಊರಿಗೆ ಬಂದರೆ ಊರಿನವನೇ ಅದನ್ನು ಮೂಲೆಗೆ ತಳ್ಳಿಸಿದ. ಬೇಕರಿಯವಳು ಕೆಂಪು ಕೆನೆ ಹಾಕಿ ಕಾರಿನ ಆಕಾರದ ನೂರಿಪ್ಪತ್ತು ಕೇಕು ಮಾಡಿಟ್ಟಿದ್ದಳು. ಎವಾರಿಸ್ತೊ ಅಂಗಡಿಯ ಬಾಗಿಲಿಗೇ ಬಂದು ನಿಂತ.

"ಅಲ್ಲಯ್ಯ, ವರ್ಷವೆಲ್ಲಾ ಸುಳ್ಳು ಹೇಳ್ತೀಯ. ಬೇಕಾದಾಗ ಒಂದೇ ಒಂದು ಹೇಳೋಕಾಗ್ಲಿಲ್ವಾ ನಿನ್ನ ಕೈಲಿ? ಹೌದು ಅಂದಿದ್ರೆ ನಾಲಿಗೆ ಸವೀತಿತ್ತಾ?"

"ನಾನು ಹೇಳ್ಲಿಲ್ಲ," ಎಂದ ಲೆಯಾರ್ಕೊ. "ಕೈ ಹೇಳ್ತು."

ಮನೆಯಲ್ಲಿ ಅರ್ಜಿಯಾ ಏಪ್ರನ್ ಒಗೆದು ಹರವಿದಳು, ದಬ್ಬಣವನ್ನು ಹಳೆಯದರ ಜೊತೆ ಬಚ್ಚಿಟ್ಟಳು. ಬೀನ್ಸ್ ಬಿಡಿಸುತ್ತಾ ಕೂತವಳು ತಲೆ ಎತ್ತದೆ ಕೇಳಿದಳು. "ಆ ಸೀಟು ಎಷ್ಟು ಅಗಲ ಇತ್ತು?"

ಲೆಯಾರ್ಕೊ ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದ. ತೋರಿಸಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

ಭಾನುವಾರ ಅವನು ಎಂದಿನಂತೆ ಕುರ್ಚಿ ಹೊತ್ತು ಬೇಕರಿಯ ಮೂಲೆಗೆ ಹೋದ. ಅಕ್ಕಪಕ್ಕದವರು ತಮ್ಮ ಕುರ್ಚಿಗಳನ್ನು ಒಂದು ಮಾರು ಆಚೆ ಸರಿಸಿಕೊಂಡರು. ಮೊದಲ ಕಾರುಗಳು ಹೊರಡುವ ಹೊತ್ತಿಗೆ ಆ ಖಾಲಿ ಜಾಗದಲ್ಲಿ ಒಂದು ಸೋಡಾ ಬಾಟಲಿಯ ಪೆಟ್ಟಿಗೆ ಬಿತ್ತು. ಅದರ ಮೇಲೆ ಮಿಸೆಸ್ ಪ್ರಿಂಗಲ್ ಕೂತಳು.

ಕಾರುಗಳು ಬಂದವು. ಮೊದಲು ಸದ್ದು, ಆಮೇಲೆ ನೆಲದ ನಡುಕ, ಆಮೇಲೆ ಕಾರು, ಎಲ್ಲ ಹೋದ ಮೇಲೆ ಎಂಜಿನ್ನಿಗೆ ಹಾಕಿದ ಹರಳೆಣ್ಣೆ ಸುಟ್ಟ ವಾಸನೆ. ಚರ್ಮದ ಟೋಪಿ ತೊಟ್ಟ ಮುದುಕರು ತಮಗಿಂತ ಹಳೆಯ ಯಂತ್ರಗಳ ಮೇಲೆ ಕೂತು, ಅಗಲವಾದ ಸ್ಟೀರಿಂಗ್ ಚಕ್ರವನ್ನು ಎದೆಗವಚಿಕೊಂಡು, ಮೂಲೆಯಲ್ಲಿ ಇಷ್ಟಿಷ್ಟೇ ಜಾರುತ್ತಾ ತಿರುಗುತ್ತಿದ್ದರು. ಮಿಸೆಸ್ ಪ್ರಿಂಗಲ್ ಕುತ್ತಿಗೆ ಚಾಚಿ ನೋಡುತ್ತಿದ್ದಳು. ಈ ಕಡೆಯಿಂದ ಯಾವತ್ತೂ ನೋಡಿರಲಿಲ್ಲ ಎಂದಳು. ಒಳಗೆ ಕೂತರೆ ಬರೀ ಮುಂದಿನವನ ಬಾಲ ಕಾಣುತ್ತದೆ. ಇಷ್ಟು ಚೆನ್ನಾಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಹಾಗೇ ಮಾತಿನ ನಡುವೆ, ಬ್ರೇಕಿನ ವಿಷಯ ಹೇಳುವಷ್ಟೇ ಸಲೀಸಾಗಿ, ಇದು ತನ್ನ ಕೊನೆಯ ರೇಸಾಗಬೇಕಿತ್ತೆಂದೂ ಹೇಳಿದಳು. ಕಣ್ಣಿನ ಡಾಕ್ಟರು ಈ ವರ್ಷ ಮುಗಿದ ಮೇಲೆ ಸಾಕು ಎಂದಿದ್ದಾನಂತೆ.

ಲೆಯಾರ್ಕೊಗೆ ಕುರ್ಚಿ ಸಹಿತ ಭೂಮಿಗಿಳಿದಂತಾಯಿತು. ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ, ಮೊರ್ತದೆಲ್ಲಾ ಮಾಂಸದ ಬಿಲ್ಲೆ ಇಟ್ಟ ಬ್ರೆಡ್ಡನ್ನು ಮುರಿದು ದೊಡ್ಡ ತುಂಡನ್ನು ಅವಳ ಕೈಗೆ ಕೊಟ್ಟ. ಅವಳು ತಿಂದಳು.

ಎರಡು ಸುತ್ತು ಕಳೆದ ಮೇಲೆ ಅವನು ಕೇಳಿದ. "ಆ ಮಡಚಿಹೋದದ್ದು... ಹಳೇದು... ಎಸೆದುಬಿಟ್ರಾ?"

"ಎಸೀತಾರಾ? ಗಂಡನಿಗೆ ಸಿಕ್ಕಿಬಿಡುತ್ತೆ ಅಂತ ತೋಟದಲ್ಲಿ ಕವುಚಿಟ್ಟೆ. ರೂಬಾರ್ಬ್ ಮೇಲೆ." ಅದೊಂದು ಕೆಂಪು ದಂಟಿನ ಗಿಡ, ಬೆಳಕು ಬೀಳದಂತೆ ಮುಚ್ಚಿಟ್ಟರೆ ದಂಟು ಎಳೆಯದಾಗಿ ಬರುತ್ತದೆ ಎಂದು ಅವಳು ವಿವರಿಸಿದಳು. ಗಂಡನಿಗೆ ಆ ದಂಟಿನ ಪಾಯಸ ಬಹಳ ಇಷ್ಟವಾಗಿತ್ತು. ತೋಟಕ್ಕೆ ಮಾತ್ರ ಒಂದು ದಿನವೂ ಇಳಿದವನಲ್ಲ. "ಈಗಲೂ ಅಲ್ಲೇ ಇದೆ."

ನೀಲಿ ಕಾರೊಂದು ಕೆಮ್ಮುತ್ತಾ ಹೋಯಿತು. "ಅದರ ಮೇಲೆ ಮಳೆ ಬಿದ್ದರೆ," ಎಂದ, "ಸದ್ದು ಹೇಗೆ ಬರುತ್ತೆ?"

ಮಿಸೆಸ್ ಪ್ರಿಂಗಲ್ ಯೋಚಿಸಿದಳು. ಸುಳ್ಳು ಹೇಳಿ ಸಾಕಾದವಳ ಹಾಗೆ ಯೋಚಿಸಿ ಹೇಳಿದಳು. "ಮಲಗೋಕೆ ಆಗಲ್ಲ. ಎದ್ದು ಕಿಟಕಿ ಹತ್ರ ಕೂತ್ಕೊಂಡು ಕೇಳ್ತೀನಿ."

ರೇಸು ಮುಗಿದು ಐದು ಗಂಟೆಗೆ ರಸ್ತೆ ತೆರೆಯಿತು. ಕಾರು ಚೌಕದಲ್ಲಿತ್ತು, ಲಾರಿ ಗೂಡ್ಸ್ ಅಂಗಳದಲ್ಲಿ. ನಡುವೆ ಒಂದೂವರೆ ಕಿಲೋಮೀಟರು. ನಿಂತಲ್ಲೇ ನಿಲ್ಲತಕ್ಕದ್ದು ಎಂದು ಬರೆದವರು, ಮನೆಗೆ ಹೋಗತಕ್ಕದ್ದಲ್ಲ ಎಂದು ಬರೆದಿರಲಿಲ್ಲ. ಮಿಸೆಸ್ ಪ್ರಿಂಗಲ್ ಎಂಜಿನ್ ಎಬ್ಬಿಸಿ, ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದಳು.

ಸೀಟು ಅಂದುಕೊಂಡದ್ದಕ್ಕಿಂತ ಕಿರಿದಾಗಿತ್ತು. ಅರ್ಜಿಯಾ ಎಲ್ಲಿಂದಲೋ ಬಂದು ಅವನ ಕುತ್ತಿಗೆಗೆ ತನ್ನ ಶಾಲು ಸುತ್ತಿದಳು.

ಚೌಕ ದಾಟಿದ ಕೂಡಲೇ ಮುಂದೆ ಒಂದು ಟ್ರ್ಯಾಕ್ಟರು ಸಿಕ್ಕಿತು. ರೇಸಿನ ಹುಲ್ಲಿನ ಪಿಂಡಿಗಳನ್ನು ಹೇರಿಕೊಂಡು ಎತ್ತಿನಷ್ಟು ನಿಧಾನವಾಗಿ ಹೋಗುತ್ತಿತ್ತು. ರೇಸಿನಲ್ಲಿ ಗಾಳಿ ಸೀಳಲು ಹುಟ್ಟಿದ ಕಾರು ಅದರ ಹಿಂದೆ ತೆವಳಿತು. ಹುಲ್ಲಿನ ಚೂರು ಹಾರಿ ಹಾರಿ ಇಬ್ಬರ ಮುಖಕ್ಕೂ ಬಡಿಯುತ್ತಿತ್ತು. ನಿಧಾನಕ್ಕೆ ಹೋದರೆ ಇದಕ್ಕೆ ಕೆಮ್ಮು ಬರುತ್ತದೆಂದು ಮಿಸೆಸ್ ಪ್ರಿಂಗಲ್ ಟ್ರ್ಯಾಕ್ಟರಿನವನ ವಂಶವನ್ನೆಲ್ಲ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ನೆನೆದಳು. ಎವಾರಿಸ್ತೊ ಕತ್ತಿ ಹಿಡಿದೇ ಹೊರಗೆ ಓಡಿಬಂದ, ಹಿಂದೆಯೇ ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿ. ನಿನ್ನೆ ಮುಚ್ಚಿದ ಕಿಟಕಿಗಳು ಒಂದೊಂದಾಗಿ ತೆರೆದವು.

ಸಿಗ್ನಲ್ಲು ಕೆಂಪಾಗಿತ್ತು. ಕಾರು ನಿಂತಿತು. ಅಲ್ಲಿದ್ದ ಪುರಸಭೆಯ ಪೋಲೀಸಿನವನು ಅರ್ಜಿಯಾಳ ಅಕ್ಕನ ಮಗ ಮೌರಿಲ್ಯೊ. ನಂಬರ್ ಪ್ಲೇಟಿಲ್ಲ, ದೀಪವಿಲ್ಲ, ಹಾರನ್ನಿಲ್ಲ. ಅವನು ಕಾರಿನ ಸುತ್ತ ಬಂದು ಪುಸ್ತಕ ತೆಗೆದ. ಕಾಗದಪತ್ರ ಎಲ್ಲಿ ಎಂದು ಕೇಳಿದ. ಕಾಗದಪತ್ರ ಎಲ್ಲ ಸುಳ್ಳು ಅಂತ ನಿನ್ನೆ ತಾನೇ ತೀರ್ಮಾನವಾಯಿತಲ್ಲ ಎಂದಳು ಮಿಸೆಸ್ ಪ್ರಿಂಗಲ್.

ಮೌರಿಲ್ಯೊ ಚಿಕ್ಕಪ್ಪನ ಮುಖ ನೋಡಿದ. ಮೂಗಿನ ಮೇಲೆ ಹುಲ್ಲು, ಕುತ್ತಿಗೆಗೆ ಚಿಕ್ಕಮ್ಮನ ಹೂವಿನ ಶಾಲು. ಪುಸ್ತಕ ಮುಚ್ಚಿದ. "ಚಿಕ್ಕಪ್ಪ, ಹಸಿರು ಬಿತ್ತು. ನಾನು ನಿಮ್ಮನ್ನ ನೋಡೋದ್ರೊಳಗೆ ಹೋಗ್ಬಿಡಿ."

ಅಲ್ಲಿ ಟ್ರ್ಯಾಕ್ಟರು ಬಲಕ್ಕೆ ತಿರುಗಿತು. ಮುಂದೆ ನೂರು ಗಜ ಖಾಲಿ ರಸ್ತೆ, ಕೊನೆಯಲ್ಲಿ ಬೇಕರಿಯ ಮೂಲೆ. ಮಿಸೆಸ್ ಪ್ರಿಂಗಲ್ ಆಕ್ಸಿಲರೇಟರ್ ಒತ್ತಿದಳು. ಆ ನೂರು ಗಜ ಎಷ್ಟು ಹೊತ್ತು ಹಿಡಿಯಿತೆಂದು ಲೆಯಾರ್ಕೊ ಆಮೇಲೆ ಬೇರೆ ಬೇರೆಯವರಿಗೆ ಬೇರೆ ಬೇರೆ ಥರ ಹೇಳಿದ. ಒಂದು ಮಾತ್ರ ಪ್ರತಿ ಸಲವೂ ಒಂದೇ ಥರ ಹೇಳುತ್ತಿದ್ದ. ಮೂಲೆಯಲ್ಲಿ ಕಾರು ಇಷ್ಟಿಷ್ಟೇ ಜಾರುತ್ತಾ ತಿರುಗುವಾಗ ಅಲ್ಲಿ ಒಂದು ಅಡುಗೆ ಕುರ್ಚಿ ಕಂಡಿತು. ಯಾರದೋ ಪಾಪ, ಖಾಲಿ ಇದೆಯಲ್ಲ ಎನ್ನಿಸಿತು. ದಾಟಿ ಹೋದ ಮೇಲೆ ತನ್ನದೆಂದು ಗೊತ್ತಾಯಿತು.

ಗೂಡ್ಸ್ ಅಂಗಳದಲ್ಲಿ ಎಂಜಿನ್ ನಿಲ್ಲಿಸಿ ಅವಳು ಎರಡೂ ಕೈ ಚಕ್ರದ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಲೆಯಾರ್ಕೊನೂ ಇಳಿಯಲಿಲ್ಲ. ಬಿಸಿ ಲೋಹ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

ನವೆಂಬರಿನಲ್ಲಿ ಮಂಜು ಕವಿದ ಒಂದು ಭಾನುವಾರ, ಸರಿಯಾಗಿ ಊಟದ ಹೊತ್ತಿಗೆ, ಒಂದು ವ್ಯಾನು ಬಂದು ಅಂಗಳದಲ್ಲಿ ಮರದ ಪೆಟ್ಟಿಗೆ ಇಳಿಸಿತು. ಒಳಗೆ ಹುಲ್ಲು, ಹುಲ್ಲಿನಲ್ಲಿ ಮಿಸೆಸ್ ಪ್ರಿಂಗಲ್ ಬರೆದ ಒಂದು ಚೀಟಿ. ಅವಳ ಗಾಡಿ ಓಡಿಸುವ ಲೈಸೆನ್ಸ್ ಕಿತ್ತುಕೊಂಡರಂತೆ, ಕಾರಿನ ಮೂರು ಗೀರಿಗೆ ಬಣ್ಣ ಹಚ್ಚಲು ಯಾರಿಗೂ ಬಿಟ್ಟಿಲ್ಲವಂತೆ. ಕೊನೆಗೆ: "ಮಣ್ಣು ತೊಳೆದಿಲ್ಲ. ತೊಳೆದರೆ ಸದ್ದು ಬದಲಾದೀತೆಂದು ಹೆದರಿಕೆ."

ಬಾಲ ಒಂದು ಕಡೆ ಮಡಚಿತ್ತು, ಇನ್ನೊಂದು ಕಡೆ ಸರಿಯಿತ್ತು. ಕೆಂಪು ಬಣ್ಣ ಅಲ್ಲಲ್ಲಿ ಚಕ್ಕೆಯಷ್ಟು ಉಳಿದಿತ್ತು. ಸುದ್ದಿ ಹೇಗೆ ಹಬ್ಬಿತೋ, ಹತ್ತು ನಿಮಿಷದಲ್ಲಿ ಅಂಗಳ ತುಂಬಿತು. ಮೇಯರ್ ಪಟ್ಟಿಯಿಲ್ಲದೆ ಬಂದರು. ಕವಾಲಿಯೆರೆಯೂ ಬಂದು ಬೇಲಿಯ ಆಚೆ ನಿಂತರು. ಅಯಸ್ಕಾಂತ ಜೇಬಿನಲ್ಲೇ ಇತ್ತು. ಎವಾರಿಸ್ತೊ ಬಾಲದೊಳಕ್ಕೆ ತಲೆ ಹಾಕಿ ಹುಡುಕಿದ. ಹೆಸರಿಲ್ಲ, ಇಸವಿಯಿಲ್ಲ, ಒಂದು ಒಣಗಿದ ದಂಟು ಮಾತ್ರ ಇದೆ ಎಂದು ಹೊರಗೆ ಬಂದು ವರದಿ ಮಾಡಿದ.

ಲೆಯಾರ್ಕೊ ಉಗ್ರಾಣದ ಸುತ್ತಿಗೆ ತೆಗೆದುಕೊಳ್ಳಲಿಲ್ಲ. ಅಪ್ಪನ ಸುತ್ತಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಮಂಡಿಯೂರಿ ಕೂತು, ಬೆರಳಿನ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿದ.

ಸದ್ದು ಅಂಗಳ ದಾಟಿ ಹೋಯಿತು. ಆಚೆಮನೆಯ ನಾಯಿ ತಲೆ ಎತ್ತಿತು. ಲೆಯಾರ್ಕೊ ಅಲುಗಲಿಲ್ಲ. ಇನ್ನೊಂದು ಸಲ ತಟ್ಟಿದ. ಅವನ ಎಡಗೈ ಜೇಬಿನ ಕಡೆ ಹೋಗುತ್ತದೋ ಎಂದು ಎಲ್ಲರೂ ಅದನ್ನೇ ನೋಡುತ್ತಿದ್ದರು. ಅದು ಬಾಲದ ಮೇಲೆಯೇ ಇತ್ತು.

ಎವಾರಿಸ್ತೊ ಟೋಪಿ ತೆಗೆದ. ಹತ್ತಿರ ಬಗ್ಗಿ, ಅವನಿಂದ ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದ. "ಏನಂತೆ?"

"ತಡಿ," ಎಂದ ಲೆಯಾರ್ಕೊ. "ಇನ್ನೂ ಮಾತು ಮುಗಿದಿಲ್ಲ."

ಒಳಗೆ ಒಲೆಯ ಮೇಲೆ ಪಾಸ್ತಾದ ನೀರು ಕುದಿಯುತ್ತಿತ್ತು. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಗಂಡನ ಊಟ ಒಂದು ನಿಮಿಷ ತಡವಾಗಲು ಬಿಡದಿದ್ದ ಅರ್ಜಿಯಾ ಬಾಗಿಲಿಗೆ ಬಂದು ನೋಡಿದಳು. ವಾಪಸ್ ಹೋಗಿ ಒಲೆ ಆರಿಸಿ ಬಂದಳು.